ದಿನಕ್ಕೆ ಎಷ್ಟು ಹಾಳೆ?

ಕೇಳುಗರಿಗೆಲ್ಲ ನಮಸ್ಕಾರ.

ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಆಫೀಸಿದೆ. ಕೊಬ್ಬರಿ ಮಂಡಿಯವರ, ಅಂಗಡಿಯವರ ಲೆಕ್ಕ ಬರೆದುಕೊಡುವ ಕೆಲಸ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತಲ್ಲ, ಆಗ ಬಾಗಿಲು ತೆರೆದದ್ದು. ಹೊಸದಾಗಿ ಆಫೀಸು ಮಾಡುವ ಹುಡುಗರು ಬಂದು ಕೇಳುವುದು ಒಂದೇ: "ಸಾರ್, ಯಾವ ಕಂಪ್ಯೂಟರ್ ತಗೊಳ್ಳಲಿ?" ನಾನು ಕೇಳುತ್ತೇನೆ, "ದಿನಕ್ಕೆ ಎಷ್ಟು ಹಾಳೆ ಪ್ರಿಂಟ್ ತೆಗೀತೀಯಪ್ಪ?" ಮುಖ ಮುಖ ನೋಡುತ್ತಾರೆ.

ಸುಮ್ನೆ ಕೇಳುವುದಲ್ಲ. ಕಂಪ್ಯೂಟರಿಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಪ್ರಿಂಟರ್ ಹಾಗಲ್ಲ, ಅದು ದಿನಾ ತಿನ್ನುತ್ತದೆ. ನಾನು ಮೊದಲು ತಂದದ್ದು ಇಂಕು ಹಾಕುವ ಅಗ್ಗದ ಪ್ರಿಂಟರ್. ಕಾರ್ಟ್ರಿಜ್ ಬೆಲೆ 800 ರೂಪಾಯಿ, ಅದರಲ್ಲಿ ಬಂದದ್ದು ಸುಮಾರು 160 ಹಾಳೆ. ಅಂದರೆ ಹಾಳೆಗೆ 5 ರೂಪಾಯಿ! ಎದುರಿನ ಜೆರಾಕ್ಸ್ ಅಂಗಡಿಯಲ್ಲಿ 2 ರೂಪಾಯಿಗೆ ಸಿಗುತ್ತಿತ್ತು. ಊರ ಜಾತ್ರೆಗೆ ಅಂತ ವಾರ ರಜೆ ಹಾಕಿ ಬಂದರೆ ಇಂಕು ಒಣಗಿ, ಅಕ್ಷರಗಳ ನಡುವೆ ಬಿಳಿ ಗೆರೆ.

ಬರೀ ಕಪ್ಪು ಅಕ್ಷರದ ಕಾಗದಪತ್ರವಾದರೆ ಲೇಸರ್ ಪ್ರಿಂಟರ್ ತನ್ನಿ. ಅದರ ಟೋನರ್ ಪುಡಿ, ಒಣಗುವ ಮಾತೇ ಇಲ್ಲ. ದಿನಾ ಬಣ್ಣದ ಕೆಲಸ ಇದ್ದರೆ ಬಾಟಲಿಯಿಂದ ಇಂಕು ತುಂಬಿಸುವ ಇಂಕ್ ಟ್ಯಾಂಕಿನದು. ಗಲ್ಲಾದ ಮೇಲೆ ಬಿಲ್ ಕೊಡಲು ಥರ್ಮಲ್ ಪ್ರಿಂಟರ್ ಸಾಕು, ಅದಕ್ಕೆ ಇಂಕೇ ಬೇಡ. ಆದರೆ ಆ ಬಿಲ್ಲಿನ ಅಕ್ಷರ ಬರಬರುತ್ತಾ ಮಾಸುತ್ತದೆ. ನಿಮ್ಮ ಸಾಮಾನಿನ ವಾರಂಟಿ ಬಿಲ್ಲು ಅಂಥದ್ದಾದರೆ ಅವತ್ತೇ ಜೆರಾಕ್ಸ್ ಮಾಡಿಸಿಡಿ. ಇನ್ನು ನಮ್ಮ ಮಂಡಿಗಳಲ್ಲಿ ಕಿರ್ ಕಿರ್ ಅನ್ನುವ ಹಳೇ ಡಾಟ್ ಮ್ಯಾಟ್ರಿಕ್ಸ್ ನೋಡಿ ನಗಬೇಡಿ. ಅದರ ಸೂಜಿ ಕಾರ್ಬನ್ ಮೇಲೆ ಒತ್ತುತ್ತದೆ, ಮೂರು ಪ್ರತಿ ಒಟ್ಟಿಗೆ ಬರುತ್ತದೆ. ಲೇಸರಿನ ಕೈಲಿ ಅದು ಆಗದು.

ಲೇಸರ್ ತಂದ ದಿನ ಇನ್ನೊಂದು ಪೆದ್ದುತನ ಮಾಡಿದೆ. ಕರೆಂಟ್ ಹೋದಾಗ ಕಂಪ್ಯೂಟರ್ ಆರದಂತೆ ಕಾಯುವ 600 ವಿಎ ಅಳತೆಯ ಚಿಕ್ಕ ಯುಪಿಎಸ್‌ನಲ್ಲಿ ಒಂದು ಪಾಯಿಂಟ್ ಖಾಲಿ ಇತ್ತು, ಅದಕ್ಕೇ ಸಿಕ್ಕಿಸಿದೆ. ಪ್ರಿಂಟ್ ಕೊಟ್ಟೆ. ಯುಪಿಎಸ್ ಕುಂಯ್ ಅಂತು, ಕಂಪ್ಯೂಟರ್ ಸಮೇತ ಎಲ್ಲ ಆರಿಹೋಯಿತು. ಟೈಪ್ ಮಾಡುತ್ತಿದ್ದ ಪತ್ರವೂ ಹೋಯಿತು. ಲೇಸರ್ ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ, ಚಿಕ್ಕ ಯುಪಿಎಸ್ ತಡೆಯಲ್ಲ. ಅದನ್ನು ಗೋಡೆಯ ಪ್ಲಗ್ಗಿಗೇ ಹಾಕಬೇಕು. ಸಾಮಾನು ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಹಳೇ ಕಟ್ಟಡದ ಬಾಡಿಗೆ ಮಳಿಗೆಯಾದರಂತೂ ಬಿಡಲೇಬೇಡಿ.

ಕಂಪ್ಯೂಟರ್ ವಿಷಯ ಹೆಚ್ಚೇನಿಲ್ಲ. ಲೆಕ್ಕ, ಪತ್ರ, ಮೇಲ್ ಇಷ್ಟಕ್ಕೆ 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕು ಇದ್ದರೆ ಧಾರಾಳವಾಯಿತು. ಸೆಕೆಂಡ್ ಹ್ಯಾಂಡೂ ಆಗುತ್ತದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು, ಅಂದರೆ ಸುರಕ್ಷತೆಯ ಮಾಮೂಲಿ ಅಪ್‌ಡೇಟ್ ನಿಂತವು. ತುಂಬಾ ಹಳೇ ಮೆಷಿನ್ನುಗಳಿಗೆ ವಿಂಡೋಸ್ 11 ಸರಿಯಾಗಿ ಕೂರುವುದಿಲ್ಲ. ಅಂಗಡಿಯವನ ಮುಂದೆಯೇ ಆನ್ ಮಾಡಿಸಿ ನೋಡಿ. ಕೆಟ್ಟರೆ ರಿಪೇರಿ ಊರಲ್ಲೇ ಆಗುತ್ತದಾ, ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕಾ, ಅದನ್ನೂ ಕೇಳಿ. ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ. ಇಲ್ಲದಿದ್ದರೆ ಕಟ್ಟಿದ ತೆರಿಗೆಯ ಕ್ರೆಡಿಟ್, ಅಂದರೆ ಮುಂದೆ ಕಟ್ಟುವ ತೆರಿಗೆಯಲ್ಲಿ ವಜಾ ಆಗುವ ಮೊತ್ತ, ಕೈಬಿಟ್ಟಹಾಗೆ.

ಅಂದಹಾಗೆ, ಆ ಮೊದಲನೇ ಪ್ರಿಂಟರ್ ಇನ್ನೂ ಅಟ್ಟದ ಮೇಲಿದೆ. ಸ್ಕ್ಯಾನ್ ಮಾಡಲಿಕ್ಕಾದರೂ ಆಗಲಿ ಅಂತ ಮೊನ್ನೆ ಇಳಿಸಿದೆ. ಇಂಕು ಹಾಕದೆ ಅದನ್ನೂ ಮಾಡಲ್ಲ ಅಂತು. ಮತ್ತೆ ಮೇಲಿಟ್ಟೆ.

ನಮಸ್ಕಾರ.