ಗಾರೆ ಕೆಲಸಕ್ಕೂ ಗಣಿತ ಬೇಕು

ಕೇಳುಗರಿಗೆಲ್ಲ ನಮಸ್ಕಾರ.

"ಓದದೇ ಹೋದ್ರೆ ಗಾರೆ ಕೆಲಸಕ್ಕೆ ಹೋಗ್ತೀಯ ನೋಡು." ಈ ಮಾತು ನಮ್ಮ ಮನೆಗಳಲ್ಲೂ ಇದೆ, ಶಾಲೆಗಳಲ್ಲೂ ಇದೆ. ಮಕ್ಕಳನ್ನು ಹೆದರಿಸುವುದಕ್ಕೆ ಹೇಳ್ತೀವಿ. ಆದರೆ ಆ ತರಗತಿಯಲ್ಲಿ ಕೂತ ಒಬ್ಬ ಹುಡುಗನ ಅಪ್ಪ ಮೇಸ್ತ್ರಿಯಾಗಿರಬಹುದು, ಇನ್ನೊಬ್ಬಳ ಅಮ್ಮ ಜಲ್ಲಿ ಹೊರುತ್ತಿರಬಹುದು. ಅವರಿಗೆ ಈ ಮಾತು ಹೇಗೆ ಕೇಳಿಸುತ್ತದೆ, ಯೋಚನೆ ಮಾಡಿ. ಎಷ್ಟೋ ವರ್ಷ ಐಟಿಐನಲ್ಲಿ ಪಾಠ ಮಾಡಿದವನು ನಾನು. ಸೋತವರ ಪಾಲಿನ ಕೆಲಸ ಇದು ಎಂದು ಮನಸ್ಸಿಗೆ ಇಳಿದ ಮೇಲೆ ನಮ್ಮಲ್ಲಿಗೆ ಬರುವ ಮಕ್ಕಳು ಮೊದಲ ದಿನವೇ ತಲೆ ತಗ್ಗಿಸಿಕೊಂಡು ಬರುತ್ತಾರೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿದಿದೆ.

ನಾನು ಕೇಳುವುದು ಇಷ್ಟೇ. ಹೈಸ್ಕೂಲಿನಲ್ಲೇ ಕಟ್ಟಡ ಕೆಲಸದ ಕಸುಬುಗಳ ಪರಿಚಯ ಆಗಲಿ. ಹಾಗಂತ ಮಕ್ಕಳನ್ನು ಶಾಲೆ ಬಿಡಿಸಿ ಕೆಲಸಕ್ಕೆ ಕಳಿಸಿ ಅಂತ ಅಲ್ಲವೇ ಅಲ್ಲ. ಕೆಲಸಕ್ಕೆ ಬೇಕಾದ ತಿಳಿವಳಿಕೆ ಅವರ ಪಠ್ಯಪುಸ್ತಕದಲ್ಲಿ ಆಗಲೇ ಇದೆ. ಅದನ್ನು ಕೈಗೆ ತಲುಪಿಸಬೇಕು, ಅಷ್ಟೆ.

ಶಾಲೆಯಲ್ಲಿ ಕಲಿಸುವ ಪೈಥಾಗೊರಸ್ ಪ್ರಮೇಯವನ್ನೇ ತಗೊಳ್ಳಿ. ಮಕ್ಕಳು ಅದನ್ನು ಅಂಕಕ್ಕೆ ಅಂತ ಬಾಯಿಪಾಠ ಮಾಡುತ್ತಾರೆ. ಮನೆಯ ಪಾಯಕ್ಕೆ ಗುರುತು ಹಾಕುವ ಮೇಸ್ತ್ರಿ ಅದನ್ನು ದಿನಾ ಬಳಸುತ್ತಾರೆ. ಮೂಲೆಯಲ್ಲಿ ಒಂದು ಗೂಟ ಹೊಡೆದು ಎರಡು ಕಡೆಗೆ ದಾರ ಎಳೆಯುತ್ತಾರೆ. ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು. ಎರಡು ಗುರುತುಗಳ ನಡುವೆ ಟೇಪ್ ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಜಾಸ್ತಿ ಬಂದರೆ ಮೂಲೆ ಅಗಲವಾಗಿದೆ, ಕಡಿಮೆ ಬಂದರೆ ಕಿರಿದಾಗಿದೆ. ಆಗ ದಾರ ಸರಿಸಿ ಮತ್ತೆ ಅಳೆಯಬೇಕು. ಉದ್ದದ ಗೋಡೆಯಾದರೆ 6, 8, 10 ಅಡಿ ತಗೊಳ್ಳುವುದು ಒಳ್ಳೆಯದು. ಅಳತೆ ದೊಡ್ಡದಾದಷ್ಟೂ ತಪ್ಪು ಕಡಿಮೆ. ಕೊನೆಗೆ ಪಾಯದ ಎರಡೂ ಕರ್ಣಗಳನ್ನು, ಅಂದರೆ ಎದುರುಬದುರು ಮೂಲೆಗಳ ನಡುವಿನ ದೂರವನ್ನು ಅಳೆದು, ಸಮ ಇವೆಯಾ ಅಂತ ನೋಡುತ್ತಾರೆ.

ಈ ಮೂಲೆ ತಪ್ಪಿದರೆ ಏನಾಗುತ್ತದೆ ಗೊತ್ತಾ? ಆವತ್ತು ಏನೂ ಕಾಣುವುದಿಲ್ಲ. ತಿಂಗಳುಗಳ ಮೇಲೆ ಟೈಲ್ಸ್ ಹಾಕುವವರು ಬಂದಾಗ ಕಾಣುತ್ತದೆ. ಗೋಡೆ ಪಕ್ಕದ ಕೊನೆ ಸಾಲು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ. ಒಂದೊಂದು ಟೈಲ್ಸನ್ನೂ ಓರೆಯಾಗಿ ಕತ್ತರಿಸಬೇಕು. ಶಾಲೆಯ ಮೈದಾನದಲ್ಲಿ ನಾಲ್ಕು ಗೂಟ, ಒಂದು ದಾರ, ಒಂದು ಟೇಪ್ ಇದ್ದರೆ ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. ಆಮೇಲೆ ಆ ಪ್ರಮೇಯವನ್ನು ಮರೆಯುವ ಮಾತೇ ಇಲ್ಲ.

ವಿಜ್ಞಾನವೂ ಹಾಗೇ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬಿಸಿಯಾಗುತ್ತದೆ ಅಂತ ಮಕ್ಕಳು ಓದಿರುತ್ತಾರೆ. ಸಿಮೆಂಟೂ ನೀರಿನ ಜೊತೆ ಹೀಗೇ ರಾಸಾಯನಿಕ ಕ್ರಿಯೆ ನಡೆಸಿಯೇ ಗಟ್ಟಿಯಾಗುವುದು. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದಕ್ಕೇ ಕ್ಯೂರಿಂಗ್ ಮಾಡಲು, ಅಂದರೆ ನೀರು ಹೊಡೆಯಲು, ಸೋಮಾರಿತನ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕಡಿಮೆ ಅಂದರೂ 7 ದಿನ, ಪಿಪಿಸಿ ಥರದ ಮಿಶ್ರ ಸಿಮೆಂಟಾದರೆ 10 ದಿನ ತೇವವಾಗಿಡಬೇಕು ಎನ್ನುತ್ತದೆ ನಮ್ಮ ದೇಶದ ಕಾಂಕ್ರೀಟ್ ಮಾನದಂಡ ಐಎಸ್ 456. ಇನ್ನು ಕಲಸುವಾಗ ಸುರಿಯಲು ಸಲೀಸಾಗಲಿ ಅಂತ ನೀರು ಜಾಸ್ತಿ ಮಾಡುತ್ತಾರೆ. ಕಾಂಕ್ರೀಟಿನ ಬಲ ಅಲ್ಲೇ ಹೋಯಿತು. ಕಾರಣ ಗೊತ್ತಿರುವ ಹುಡುಗ ಯಾರೂ ನೋಡದಿದ್ದರೂ ಆ ಕೆಲಸ ಮಾಡುವುದಿಲ್ಲ.

ಈಗ ತಂದೆತಾಯಿಗಳಿಗೆ ಒಂದು ಮಾತು. ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿಗೆ ಹೆಚ್ಚೂಕಡಿಮೆ 16 ವರ್ಷ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18 ತುಂಬಿರಬೇಕು. ನಡುವಿನ ಎರಡು ವರ್ಷ ಇದೆಯಲ್ಲ, ಅಲ್ಲೇ ಹುಡುಗರು ಕೈತಪ್ಪಿ ಹೋಗುವುದು. ಊರಿನ ಯಾರದೋ ಜೊತೆ ಬೆಂಗಳೂರಿನ ಸೈಟಿಗೆ ಆಳಾಗಿ ಹೋಗುತ್ತಾರೆ. ಕೈಗೆ ಬೇಗ ದುಡ್ಡು ಸಿಗುತ್ತದೆ, ನಿಜ. ಆದರೆ ಹೆಲ್ಮೆಟ್ ಇಲ್ಲದೆ, ಬೆಲ್ಟ್ ಇಲ್ಲದೆ ಸಾರುವೆ ಹತ್ತುವ ಆ ವಯಸ್ಸಿನ ಹುಡುಗನಿಗೆ ಮಂಡಳಿಯ ಕಾರ್ಡೂ ಇಲ್ಲ, ಬಿದ್ದರೆ ಕೇಳುವವರೂ ಇಲ್ಲ.

ಅದೇ ಎರಡು ವರ್ಷದಲ್ಲಿ ಐಟಿಐನ ಎಲೆಕ್ಟ್ರಿಷಿಯನ್ ಕೋರ್ಸ್ ಮುಗಿಯುತ್ತದೆ. ಕಟ್ಟಡದ ನಕ್ಷೆ ಬರೆಯಲು ಕಲಿಸುವ ಸಿವಿಲ್ ಡ್ರಾಫ್ಟ್ಸ್‌ಮನ್ ಕೂಡ ಎರಡೇ ವರ್ಷ. ಪ್ಲಂಬರ್ ಒಂದು ವರ್ಷ. ಗಾರೆ ಕೆಲಸ ಕಲಿಸುವ ಮೇಸನ್ ಕೋರ್ಸೂ ಒಂದು ವರ್ಷ. ಅದಕ್ಕೆ ಎಂಟನೇ ತರಗತಿ ಪಾಸಾಗಿದ್ದರೂ ಸಾಕು. ಮುಗಿಸಿದ ಮೇಲೆ ದೇಶದ ಎಲ್ಲ ಕಡೆ ನಡೆಯುವ ಪ್ರಮಾಣಪತ್ರ ಸಿಗುತ್ತದೆ. ಐಟಿಐ ಅಂದರೆ ಓದು ಅಲ್ಲಿಗೇ ಮುಗಿಯಿತು ಅಂತಲೂ ತಿಳಿಯಬೇಡಿ. ಎರಡು ವರ್ಷದ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅಲ್ಲಿಂದ ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗಿಗೂ ಹೋಗಬಹುದು.

ಹೆಣ್ಣುಮಕ್ಕಳ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಮ್ಮ ಸೈಟುಗಳಲ್ಲಿ ಹೆಂಗಸರು ಹತ್ತಿಪ್ಪತ್ತು ವರ್ಷ ಬಾಂಡ್ಲಿ ಹೊರುತ್ತಾರೆ. ಅವರ ಕೈಗೆ ಯಾರೂ ಕರಣೆ ಕೊಡುವುದಿಲ್ಲ. ಭಾರ ಹೊರಲು ಬೇಕಾದ ಶಕ್ತಿ ಅವರಿಗಿದೆ, ಆದರೆ ಗೋಡೆ ಕಟ್ಟಲು ಆಗುವುದಿಲ್ಲ ಅಂತೀವಿ. ಇದು ಯಾವ ನ್ಯಾಯ? ಟೈಲ್ಸ್, ಪೇಂಟಿಂಗ್, ವೈರಿಂಗ್ ಎಲ್ಲಕ್ಕೂ ಬೇಕಾದದ್ದು ನಿಖರ ಕಣ್ಣು, ತಾಳ್ಮೆಯ ಕೈ. ಹೈಸ್ಕೂಲಿನಲ್ಲಿ ಹುಡುಗಿಯರೂ ಹುಡುಗರ ಜೊತೆಗೇ ಮಟ್ಟ ನೋಡುವ ರಸಮಟ್ಟ, ಗೋಡೆ ನೆಟ್ಟಗಿದೆಯಾ ಅಂತ ನೋಡುವ ತೂಗುಗುಂಡು ಹಿಡಿದು ನೋಡಲಿ.

ಮೇಷ್ಟ್ರುಗಳೇ, ಮೇಡಂಗಳೇ, ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಬ್ಯಾಗ್ ಇಲ್ಲದ ಒಂದು ಶನಿವಾರ ನಿಮ್ಮೂರಿನ ಮೇಸ್ತ್ರಿಯನ್ನು, ಪ್ಲಂಬರನ್ನು ಶಾಲೆಗೆ ಕರೆಸಿ. ಅತಿಥಿ ಅಂತ ಕುರ್ಚಿ ಹಾಕಿ ಕೂರಿಸಿ. ಮಕ್ಕಳು ಅವರನ್ನು ಪ್ರಶ್ನೆ ಕೇಳಲಿ. ಹಸಿ ಸಿಮೆಂಟನ್ನು ಬರಿಗೈಯಲ್ಲಿ ಮುಟ್ಟುತ್ತಿದ್ದರೆ ಚರ್ಮ ಸುಡುತ್ತದೆ, ಗ್ಲೌಸ್ ಬೇಕು ಅನ್ನುವುದನ್ನೂ ಅವರ ಬಾಯಿಂದಲೇ ಕೇಳಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಐಟಿಐ ಪ್ರವೇಶ ಶುರುವಾಗುತ್ತದೆ. ಅರ್ಜಿ ಹಾಕುವ ಮುಂಚೆ ಒಂದು ಸಲ ಮಗುವನ್ನು ಕರೆದುಕೊಂಡು ಹೋಗಿ ವರ್ಕ್‌ಶಾಪ್ ನೋಡಿ. ಉಪಕರಣಗಳು ಬಳಸಿ ಸವೆದಿವೆಯಾ, ಬೀರುವಿನಲ್ಲಿ ಹಾಗೇ ಕೂತಿವೆಯಾ ಗಮನಿಸಿ. ಮಕ್ಕಳು ವಾರಕ್ಕೆ ಎಷ್ಟು ಹೊತ್ತು ಕೈಯಾರೆ ಕೆಲಸ ಮಾಡುತ್ತಾರೆ ಅಂತ ಕೇಳಿ. ಸಂಸ್ಥೆಗೆ ಕೇಂದ್ರ ಸರ್ಕಾರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯಾ ಅಂತಲೂ ಕೇಳಿ. ಸಂಕೋಚ ಬೇಡ, ಕೇಳುವುದು ನಿಮ್ಮ ಹಕ್ಕು.

ನಮಸ್ಕಾರ.