ನಕ್ಷೆಯನ್ನು ತೋಡಿನಿಂದ ಶುರು ಮಾಡೋಣ

ಎಲ್ಲರಿಗೂ ನಮಸ್ಕಾರ.

ಗುಂಡಿಬೈಲು, ಬೈಲಕೆರೆ, ಕಲ್ಸಂಕ, ಕುಂಜಿಬೆಟ್ಟು, ದೊಡ್ಡಣಗುಡ್ಡೆ. ಉಡುಪಿಯ ಈ ಹೆಸರುಗಳು ದಿನಾ ನಮ್ಮ ಬಾಯಲ್ಲಿ ಬರುತ್ತವೆ. ಸಿಟಿ ಬಸ್ಸಿನ ಕಂಡಕ್ಟರ್ ಕೂಗುತ್ತಾರೆ, ಪಾರ್ಸೆಲ್ ತರುವ ಹುಡುಗರು ಫೋನಿನಲ್ಲಿ ಕೇಳುತ್ತಾರೆ. ಒಮ್ಮೆ ನಿಧಾನಕ್ಕೆ ಹೇಳಿ ನೋಡಿ. ಗುಂಡಿ, ಬೈಲು, ಕೆರೆ, ಹಳ್ಳ ದಾಟುವ ಸಂಕ ಒಂದು ಕಡೆ. ಬೆಟ್ಟು, ಗುಡ್ಡೆ ಇನ್ನೊಂದು ಕಡೆ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಇಳಿದು ಬರುತ್ತದೆ ಅಂತ ಹಿರಿಯರು ಊರಿನ ಹೆಸರಿನಲ್ಲೇ ಗುರುತು ಹಾಕಿಟ್ಟಿದ್ದಾರೆ.

ಉಡುಪಿ ಮುಂದೆ ಹೇಗೆ ಬೆಳೆಯಬೇಕು ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ನನಗೆ ಹೇಳಲಿಕ್ಕೆ ಇರುವುದು ಒಂದೇ ಮಾತು. ನಮ್ಮ ಊರಿನ ನಕ್ಷೆಯನ್ನು ತೋಡಿನಿಂದ, ಅಂದರೆ ನೀರು ಹರಿಯುವ ಹಳ್ಳದಿಂದ, ಶುರು ಮಾಡಬೇಕು. ರಸ್ತೆ, ಲೇಔಟ್ ಎಲ್ಲ ಆಮೇಲೆ.

ಬೇಸಾಯದ ಮನೆಯವರಿಗೆ ಇದು ಗೊತ್ತುಂಟು. ಕಿರಿಯರಿಗಾಗಿ ಹೇಳುತ್ತೇನೆ. ತುಳುನಾಡಿನಲ್ಲಿ ಗದ್ದೆಗಳು ಮೂರು ಬಗೆ. ತಗ್ಗಿನಲ್ಲಿ, ತೋಡಿನ ಬದಿಗೆ ಇರುವುದು ಬೈಲು. ಅಲ್ಲಿ ಮಳೆಗಾಲದ ಏಣೆಲು, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ ಅಂತ ಮೂರು ಬೆಳೆ ಬರುತ್ತಿತ್ತು. ಅದರ ಮೇಲೆ ಮಜಲು, ಅಲ್ಲಿ ಎರಡು ಬೆಳೆ. ಎಲ್ಲಕ್ಕಿಂತ ಮೇಲೆ ಬೆಟ್ಟು, ಅಲ್ಲಿ ಮಳೆಗಾಲದ ಒಂದೇ ಬೆಳೆ. ಮನೆ ಕಟ್ಟುತ್ತಿದ್ದದ್ದು ಬೆಟ್ಟಿನ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ. ಬೈಲಿನ ನಡುವೆ ಮನೆ ಕಟ್ಟುವ ಯೋಚನೆಯನ್ನೇ ಯಾರೂ ಮಾಡುತ್ತಿರಲಿಲ್ಲ. ಈಗ ನಾವು ಮಾಡುತ್ತಿರುವುದು ಅದನ್ನೇ. ಗದ್ದೆ ಬೇಸಾಯ ಇಲ್ಲದೆ ಹಡಿಲು ಬಿದ್ದಿದೆ, ಸುಮ್ನೆ ಯಾಕೆ ಬಿಡುವುದು ಅಂತ ಮಣ್ಣು ಹಾಕಿ ಲೆವೆಲ್ ಮಾಡುತ್ತೇವೆ.

ನಾನು ಮನೆಗಳ ನಕ್ಷೆ ಮಾಡುವ ಇಂಜಿನಿಯರ್. ನಾನೂ ಹಾಗೆಯೇ ಮಾಡಿಸಿದ್ದೇನೆ. 2020ರ ಸೆಪ್ಟೆಂಬರ್ 20, ಆದಿತ್ಯವಾರ, ನಿಮಗೆಲ್ಲ ನೆನಪಿರಬಹುದು. ಸ್ವರ್ಣಾ ನದಿ ಉಕ್ಕಿತು, ಊರೊಳಗೆ ಇಂದ್ರಾಣಿ ತೋಡು ಉಕ್ಕಿತು, ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ನಾನು ನಕ್ಷೆ ಮಾಡಿಕೊಟ್ಟ ಒಂದು ಮನೆಯಿಂದ ಬೆಳಿಗ್ಗೆ ಫೋನ್ ಬಂತು. ಅಡುಗೆಮನೆಯಲ್ಲಿ ಸಿಲಿಂಡರ್ ತೇಲುತ್ತಿದೆ ಅಂದರು. ಅವರ ಸೈಟಿಗೆ ಎರಡಡಿ ಮಣ್ಣು ಹಾಕಿ, ಸಾಕು ಅಂತ ಹೇಳಿದವನು ನಾನು. ನೀರು ಇಳಿದ ಮೇಲೆ ನೋಡಲು ಹೋದೆ. ಪಕ್ಕದ ಮನೆಯ ಅಜ್ಜಿ ಅಂಗಳದ ಕೆಸರು ಗುಡಿಸುತ್ತಿದ್ದರು. "ಅದು ಕೊಳಕೆ ಗದ್ದೆ ಅಲ್ವಾ ಮಾರಾಯ್ರೆ, ನಿಮಗೆ ಯಾರೂ ಹೇಳಲಿಲ್ವಾ?" ಅಂತ ಕೇಳಿದರು. ಹೇಳುವವರು ಇದ್ದರು. ನಾನು ಕೇಳಿರಲಿಲ್ಲ. ಆ ಮನೆಯವರಿಗೆ ನೆರೆ ಬಂದದ್ದರಲ್ಲಿ ನನ್ನ ಪಾಲೂ ಉಂಟು. ಅಂದಿನಿಂದ ಹೊಸ ಸೈಟಿಗೆ ಹೋದರೆ ಮೊದಲು ಅಕ್ಕಪಕ್ಕದ ಹಿರಿಯರನ್ನು ಹುಡುಕುತ್ತೇನೆ.

ಒಂದು ಲೆಕ್ಕ ನೋಡಿ. ಒಂದು ಎಕರೆ ಬೈಲಿನಲ್ಲಿ ಒಂದಡಿ ನೀರು ನಿಂತರೆ ಅದು ಸುಮಾರು 12 ಲಕ್ಷ ಲೀಟರ್. ಆ ಎಕರೆಗೆ ಮಣ್ಣು ಹಾಕಿದರೆ ಈ ನೀರು ಮಾಯ ಆಗುವುದಿಲ್ಲ, ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಅವರೂ ಮಣ್ಣು ಹಾಕುತ್ತಾರೆ. ಆಮೇಲೆ ಮೂರನೆಯವರು. ಕೊನೆಗೆ ಯಾರಿಗೆ ಮಣ್ಣು ಹಾಕಿಸುವ ಶಕ್ತಿ ಇಲ್ಲವೋ ಅವರ ಮನೆಯಲ್ಲಿ ನೀರು ನಿಲ್ಲುತ್ತದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಬೇಸರ ಆಗುವುದು ಈ ವಿಷಯಕ್ಕೆ.

ಇನ್ನು ಬೇಸಿಗೆ. ಆ ನೆರೆಗೆ ಹದಿನಾರು ತಿಂಗಳ ಮೊದಲು, 2019ರ ಮೇ ತಿಂಗಳಲ್ಲಿ, ಇದೇ ಸ್ವರ್ಣಾ ನದಿಯ ಬಜೆ ಅಣೆಕಟ್ಟು ತಳ ಕಂಡಿತ್ತು. ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪ್ ಹಾಕಿ ಎತ್ತಬೇಕಾಯಿತು. ಮನೆಗಳಿಗೆ ಸರದಿಯಲ್ಲಿ ನೀರು, ಬೀದಿಯಲ್ಲಿ ಟ್ಯಾಂಕರ್. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬರುವ ಊರು ಇದು! ನೂರು ಚದರ ಮೀಟರ್ ತಾರಸಿಯ ಮೇಲೆ ಅಷ್ಟು ಮಳೆ ಬಿದ್ದರೆ 4 ಲಕ್ಷ ಲೀಟರ್ ಆಗುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ, ಐದು ಜನರ ಮನೆಗೆ ವರ್ಷಕ್ಕೆ ಎರಡೂವರೆ ಲಕ್ಷ ಲೀಟರ್ ಸಾಕು. ತೊಂದರೆ ಏನೆಂದರೆ, ಈ ಮಳೆಯಲ್ಲಿ ಹೆಚ್ಚಿನದು ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಅಷ್ಟು ದೊಡ್ಡ ಟ್ಯಾಂಕ್ ಯಾರ ಮನೆಯಲ್ಲೂ ಇಲ್ಲ. ಅದನ್ನು ಹಿಡಿದಿಡುವುದು ನೆಲವೇ.

ನಮ್ಮ ಗುಡ್ಡಗಳದ್ದು ಮುರಕಲ್ಲು. ಅದು ತೂತು ತೂತಾದ ಕಲ್ಲು, ನೀರು ಬೇಗ ಒಳಗೆ ಇಳಿಯುತ್ತದೆ. ಅದರ ಅಡಿಯಲ್ಲಿ ಶೇಡಿ ಮಣ್ಣು ಇರುವಲ್ಲಿ ನೀರು ಮತ್ತೆ ಕೆಳಗೆ ಹೋಗದೆ ಅಡ್ಡಕ್ಕೆ ಹರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಬೈಲಿನ ಕೊಳಕೆ ಬೆಳೆಗೆ ನೀರು ಸಿಗುತ್ತಿದ್ದದ್ದು ಹೀಗೆ. ಚಳಿಗಾಲ ಬಂದಾಗ ರೈತರು ತೋಡಿಗೆ ಅಡ್ಡ ಮಣ್ಣಿನ ಕಟ್ಟ ಹಾಕುತ್ತಿದ್ದರು. ನೀರು ನಿಂತು, ಸುತ್ತಲಿನ ಬಾವಿಗಳ ಮಟ್ಟ ಇಳಿಯುತ್ತಿರಲಿಲ್ಲ. ಗದ್ದೆ ಹಡಿಲು ಬಿದ್ದ ಮೇಲೆ ಕಟ್ಟ ಹಾಕುವವರು ಇಲ್ಲ. ಗುಡ್ಡದ ಮೇಲೆ ಕಾಂಕ್ರೀಟ್, ಅಂಗಳಕ್ಕೆಲ್ಲ ಇಂಟರ್‌ಲಾಕ್. ಮಳೆಗಾಲದಲ್ಲಿ ಮಣಿಪಾಲ, ಇಂದ್ರಾಳಿ ಕಡೆಯ ಎತ್ತರದ ನೀರು ಒಮ್ಮೆಲೇ ಕಲ್ಸಂಕಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ. ನೆರೆ ಬೇರೆ, ಬರ ಬೇರೆ ಅಂತ ಎರಡು ಕಡತ ಮಾಡಿಟ್ಟಿದ್ದೇವೆ. ನನ್ನ ಲೆಕ್ಕದಲ್ಲಿ ಎರಡೂ ಒಂದೇ.

ಇಂದ್ರಾಣಿಯ ಕೊಳಚೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೋಡಿನ ಬದಿಯ ಬಾವಿಗಳ ನೀರು ಏನಾಗಿದೆ ಅಂತ ಹೇಳಲು ಅಲ್ಲಿಯವರೇ ಇಲ್ಲಿ ಕುಳಿತಿದ್ದಾರೆ.

ಹಾಗಾದರೆ ಊರು ಬೆಳೆಯಬಾರದಾ? ಬೆಳೆಯಬೇಕು. ನಮ್ಮ ಮಕ್ಕಳಿಗೆ ಇಲ್ಲೇ ಕೆಲಸ, ಇಲ್ಲೇ ಮನೆ ಬೇಕು. 2011ರ ಜನಗಣತಿಯಲ್ಲಿ ಉಡುಪಿ ನಗರ ಮತ್ತು ಸುತ್ತಲಿನ ಪ್ರದೇಶ ಸೇರಿ ಸುಮಾರು 1.65 ಲಕ್ಷ ಜನ. ಈ ಅಳತೆಯ ಊರಿಗೆ ಒಂದು ಅನುಕೂಲ ಉಂಟು, ಇನ್ನೂ ತೋಡುಗಳು ಕಣ್ಣಿಗೆ ಕಾಣುತ್ತವೆ. ಮುಚ್ಚಿಹೋದ ತೋಡನ್ನು ಅಗೆದು ಹುಡುಕುವ ಸ್ಥಿತಿಗೆ ನಾವು ಪೂರ್ತಿ ಬಂದಿಲ್ಲ.

ಬೆಳೆಯುವುದು ಬೆಟ್ಟಿನ ಮೇಲೆ ಆಗಲಿ. ಕಡಿಯಾಳಿ, ಕುಂಜಿಬೆಟ್ಟು, ಮಣಿಪಾಲದ ದಾರಿಯಲ್ಲಿ ಬಸ್ಸುಗಳು ಒಂದರ ಹಿಂದೆ ಒಂದು ಓಡುತ್ತವೆ. ಅಲ್ಲಿ ಎರಡು ಮಹಡಿ ಜಾಸ್ತಿ ಕಟ್ಟಲು ಬಿಡಿ. ಆದರೆ ಮೇಲೆ ಬಿದ್ದ ಮಳೆಯನ್ನು ಮೇಲೆಯೇ ಇಂಗಿಸುವ ಜವಾಬ್ದಾರಿ ಕಟ್ಟಿದವರದ್ದು. ಮಣಿಪಾಲದ ಮಣ್ಣಪಳ್ಳ ಕೆರೆ ನೋಡಿ. ಗುಡ್ಡದ ಮೇಲೆಯೂ ನೀರು ನಿಲ್ಲಿಸಬಹುದು ಅಂತ ಅದು ದಿನಾ ತೋರಿಸುತ್ತಿದೆ. ಸಂಜೆ ಅದರ ಸುತ್ತ ನಡೆಯುವವರು ಎಷ್ಟು ಜನ!

ಬೈಲಿನ ವಿಷಯ ಕಷ್ಟದ್ದು. ಗದ್ದೆಯ ಯಜಮಾನರು ಹೆಚ್ಚಿನವರು ಶ್ರೀಮಂತರಲ್ಲ. 1974ರ ಭೂ ಸುಧಾರಣೆಯ ನಂತರ ತಾವು ಗೇಣಿದಾರರು ಅಂತ ಡಿಕ್ಲರೇಶನ್ ಕೊಟ್ಟು ಗೇಣಿ ಭೂಮಿ ಪಡೆದ ಮನೆಗಳು ಎಷ್ಟೋ ಉಂಟು. ಮಗಳ ಮದುವೆಗೆ, ಮಗನ ಓದಿಗೆ ಅವರಿಗಿರುವುದು ಆ ಗದ್ದೆ ಒಂದೇ. ಅವರ ಹತ್ತಿರ ಹೋಗಿ, ನಿಮಗೆ ಕನ್ವರ್ಷನ್ ಇಲ್ಲ, ಅಂದರೆ ಗದ್ದೆಯನ್ನು ಮನೆ ಸೈಟು ಮಾಡಲು ಅನುಮತಿ ಇಲ್ಲ, ಊರಿನ ನೀರು ನಿಲ್ಲಿಸಿಕೊಂಡು ಇರಿ ಅಂತ ಹೇಳುವುದು ಅನ್ಯಾಯ. ಊರು ಅವರಿಗೆ ಬೆಲೆ ಕೊಡಬೇಕು. ನಮ್ಮ ನಗರ ಯೋಜನಾ ಕಾಯ್ದೆಯಲ್ಲಿ ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ಅಂತ ಒಂದು ದಾರಿ ಉಂಟು. ಒಂದು ಕಡೆ ಬಿಟ್ಟುಕೊಟ್ಟ ಜಾಗದ ಬದಲಿಗೆ ಕಟ್ಟುವ ಹಕ್ಕನ್ನು ಇನ್ನೊಂದು ಕಡೆ ಬಳಸುವುದು, ಇಲ್ಲವೇ ಮಾರುವುದು. ಇಲ್ಲಿಯವರೆಗೆ ನಾವು ಇದನ್ನು ರಸ್ತೆ ಅಗಲ ಮಾಡುವಾಗ ಮಾತ್ರ ನೆನಪಿಸಿಕೊಳ್ಳುತ್ತೇವೆ. ಬೈಲಿಗೂ ಇದನ್ನು ಅನ್ವಯಿಸಬೇಕು ಅಂತ ಕೇಳೋಣ. ಬೈಲಿನವರ ಹಕ್ಕನ್ನು ಬೆಟ್ಟಿನಲ್ಲಿ ಮಹಡಿ ಏರಿಸುವವರು ದುಡ್ಡು ಕೊಟ್ಟು ಕೊಳ್ಳಲಿ. ಗದ್ದೆ ಅವರ ಹೆಸರಿನಲ್ಲೇ ಉಳಿಯಲಿ, ಬೇಸಾಯ ಮಾಡಲಿ. 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಮೂಲಕ ಹಡಿಲು ಗದ್ದೆಗಳಲ್ಲಿ ನಾಟಿ ಮಾಡಿದಾಗ ಎಷ್ಟು ಜನ ಕೆಸರಿಗೆ ಇಳಿದರು ಅಂತ ನಾವೇ ನೋಡಿದ್ದೇವೆ.

ಇನ್ನೊಂದು ವಿಷಯ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿ ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ. ನಮ್ಮ ಅಳತೆಯ ಊರು ಅದರ ಹೊರಗೆ. ಹಾಗಾಗಿ ಊರಿನ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ಕರಡು ಬಂದು ಆಕ್ಷೇಪಣೆ ಕರೆದಾಗ, ನಾವೇ ಹೋಗಿ ಬರೆದು ಕೊಡಬೇಕು. ಬರಿಗೈಯಲ್ಲಿ ಹೋದರೆ ಆಗುವುದಿಲ್ಲ, ನಕ್ಷೆ ಬೇಕು.

ಅದಕ್ಕೇ ಬಾಗಿಲ ಹತ್ತಿರದ ಮೇಜಿನ ಮೇಲೆ ಹಳೆಯ ಗ್ರಾಮ ನಕ್ಷೆಗಳ ಪ್ರತಿ ಇಟ್ಟಿದ್ದೇನೆ, ಸರ್ವೆ ನಂಬರ್ ಸಮೇತ. ಪಕ್ಕದಲ್ಲಿ ನೀಲಿ, ಕೆಂಪು ಪೆನ್ನುಗಳಿವೆ. ನಿಮ್ಮ ಮನೆಯ ಜಾಗಕ್ಕೆ ಹಿಂದೆ ಯಾವ ಹೆಸರಿತ್ತು, ಅದು ಬೈಲೋ ಮಜಲೋ, ಕಟ್ಟ ಎಲ್ಲಿ ಹಾಕುತ್ತಿದ್ದರು ಅಂತ ಗೊತ್ತಿದ್ದವರು ನೀಲಿಯಲ್ಲಿ ಗುರುತು ಹಾಕಿ. 2020ರಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಅಂತ ಕೆಂಪಿನಲ್ಲಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದವರು ನಕ್ಷೆಯ ಫೋಟೋ ತೆಗೆದುಕೊಂಡು ಹೋಗಿ, ಅವರನ್ನು ಕೇಳಿ. ಮುಂದಿನ ಆದಿತ್ಯವಾರ ಬೆಳಿಗ್ಗೆ ನಾನು ಇಲ್ಲೇ ಇರುತ್ತೇನೆ.