ಗಟ್ಟಿ ಮರ, ಸಣ್ಣ ಗರಗಸ

ಕೇಳುಗರಿಗೆ ನಮಸ್ಕಾರ.

ಸ್ಕ್ರೋಲ್ ಸಾ ಅಂದರೆ ಮೇಜಿನ ಮೇಲೆ ಕೂರುವ ಪುಟ್ಟ ಗರಗಸದ ಯಂತ್ರ. ಬ್ಲೇಡು ಸುಮಾರು 5 ಇಂಚು ಉದ್ದ, ಅಗಲ ಬೆಂಕಿಕಡ್ಡಿಯಷ್ಟೂ ಇಲ್ಲ. ಅದರ ಎರಡು ತುದಿಯನ್ನೂ ಯಂತ್ರ ಬಿಗಿಯಾಗಿ ಹಿಡಿದು, ನಿಮಿಷಕ್ಕೆ ನೂರಾರು ಸಲ ಮೇಲೆ ಕೆಳಗೆ ಆಡಿಸುತ್ತದೆ. ಮರವನ್ನು ತಿರುಗಿಸುತ್ತಾ ಮುಂದೆ ಬಿಡುವುದು ನಮ್ಮ ಕೆಲಸ. ಮೆದು ಮರವಾದರೆ ಬಳ್ಳಿ, ಹಕ್ಕಿ, ಅಕ್ಷರ, ಏನು ಬರೆದಿರುತ್ತೀರೋ ಅದು ಸಲೀಸಾಗಿ ಕೊಯ್ದು ಬರುತ್ತದೆ. ಕಷ್ಟ ಶುರುವಾಗುವುದು ದೂರದ ಕಾಡಿನ ಗಟ್ಟಿ ಮರ ಕೈಗೆ ಸಿಕ್ಕಾಗ.

ನನಗೆ ಮೊದಲು ಸಿಕ್ಕಿದ್ದು ಪರ್ಪಲ್‌ಹಾರ್ಟ್. ಮಧ್ಯ ಮತ್ತು ದಕ್ಷಿಣ ಅಮೆರಿಕದ ನೇರಳೆ ಮರ. 20 ಮಿಲಿಮೀಟರ್ ದಪ್ಪದ ತುಂಡು. ನವಿಲು ಕೊಯ್ಯೋಣ ಅಂತ ಕೂತೆ. ಕೊರಳಿನ ತಿರುವಿಗೆ ಬರುವಷ್ಟರಲ್ಲಿ ಬ್ಲೇಡು ಮುಂದೆ ಹೋಗಲೊಲ್ಲದು. ನೂಕಿದೆ. ಇನ್ನೂ ನೂಕಿದೆ. ಸುಟ್ಟ ವಾಸನೆ ಬಂತು, ಸಣ್ಣಗೆ ಹೊಗೆ ಎದ್ದಿತು, ಟಣ್ ಅಂತ ಬ್ಲೇಡು ತುಂಡಾಯಿತು. ಮರದ ಅಂಚು ನೋಡಿದರೆ ಕೆಂಡಕ್ಕೆ ಹಿಡಿದ ಹಾಗೆ ಕಪ್ಪು.

ಉಪ್ಪುಕಾಗದದಲ್ಲಿ ಉಜ್ಜಿದರೆ ಹೋಗುತ್ತೆ ಅಲ್ವಾ? ಹೊರಗಿನ ಅಂಚಾದರೆ ಹೋಗುತ್ತೆ. ನವಿಲಿನ ಗರಿಯ ಒಳಗಿನ ತೂತಿಗೆ ಬೆರಳೇ ಹೋಗುವುದಿಲ್ಲ, ಉಜ್ಜುವುದೆಲ್ಲಿಂದ?

ಗಟ್ಟಿ ಮರ ಅಂದರೆ ಎಷ್ಟು ಗಟ್ಟಿ? ಒಂದು ಘನ ಮೀಟರ್ ತೇಗ ಸುಮಾರು 650 ಕಿಲೋ ತೂಗುತ್ತದೆ. ಲಿಗ್ನಮ್ ವೈಟೀ ಅನ್ನುವ ಮರ 1,200 ಕಿಲೋ ದಾಟುತ್ತದೆ. ನೀರಿಗೆ ಹಾಕಿದರೆ ಕಲ್ಲಿನ ಹಾಗೆ ಮುಳುಗುತ್ತದೆ. ಒಂದು ಕಾಲಕ್ಕೆ ಹಡಗಿನ ಪ್ರೊಪೆಲರ್ ದಂಡಕ್ಕೆ ಬೇರಿಂಗ್ ಆಗಿ ಇದೇ ಮರ ಹಾಕುತ್ತಿದ್ದರು! ಇಂಥ ಮರದೊಳಗೆ ಸಣ್ಣ ಬ್ಲೇಡು ಓಡುವಾಗ ತಿಕ್ಕಾಟಕ್ಕೆ ಬಿಸಿ ಏರುತ್ತದೆ. ಕೊಯ್ದ ಪುಡಿ ಹೊರಬರಲು ದಾರಿ ಇಲ್ಲದೆ ಸೀಳಿನಲ್ಲೇ ಸಿಕ್ಕಿಕೊಂಡರೆ ಬಿಸಿ ಇನ್ನೂ ಜಾಸ್ತಿ. ಬಿಸಿಗೆ ಮರ ಸುಡುತ್ತದೆ, ಹಲ್ಲು ಮೊಂಡಾಗುತ್ತದೆ. ಮೊಂಡಾದ ಹಲ್ಲು ಇನ್ನಷ್ಟು ಬಿಸಿ ಹುಟ್ಟಿಸುತ್ತದೆ.

ಹಾಗಾಗಿ ನಾನು ಈಗ ಮೊದಲು ಮಾಡುವುದು ಮರದ ದಪ್ಪ ಇಳಿಸುವುದು. 20 ಮಿಲಿಮೀಟರ್ ಬೇಕೇ ಬೇಕಾ? ಎಷ್ಟೋ ಸಲ 10 ಸಾಕು. ಬ್ಲೇಡು ತೀರಾ ಸಣ್ಣದು ಬೇಡ. ಸ್ಕ್ರೋಲ್ ಸಾ ಬ್ಲೇಡುಗಳಿಗೆ ನಂಬರ್ ಇರುತ್ತದೆ, ನಂಬರ್ ಏರಿದಂತೆ ಬ್ಲೇಡು ದಪ್ಪ. ಗಟ್ಟಿ ಮರಕ್ಕೆ ನಾನು 5 ಅಥವಾ 7 ಹಾಕುತ್ತೇನೆ. ಹಲ್ಲುಗಳ ನಡುವೆ ಜಾಗ ಬಿಟ್ಟ ಬ್ಲೇಡು ಒಳ್ಳೆಯದು, ಪುಡಿ ಆ ಜಾಗದಲ್ಲಿ ಕೂತು ಹೊರಗೆ ಬರುತ್ತದೆ. ವೇಗವನ್ನೂ ತಗ್ಗಿಸಿ.

ಇನ್ನೊಂದು ಉಪಾಯ ಕೇಳಿದರೆ ನಗು ಬರಬಹುದು. ರಟ್ಟಿನ ಡಬ್ಬಕ್ಕೆ ಅಂಟಿಸುವ ಪಾರದರ್ಶಕ ಟೇಪು ಇದೆಯಲ್ಲ, ಅದನ್ನು ಮರದ ಮೇಲೆ, ಕೊಯ್ಯುವ ಗೆರೆಯ ಉದ್ದಕ್ಕೂ ಅಂಟಿಸಿ. ಟೇಪು ಬ್ಲೇಡಿಗೆ ಜಾರಿಕೆ ಕೊಡುತ್ತದೆ, ಸುಡುವುದು ಕಡಿಮೆಯಾಗುತ್ತದೆ. ನಾನೂ ಮೊದಲು ನಂಬಿರಲಿಲ್ಲ. ಒಂದೇ ತುಂಡಿನಲ್ಲಿ ಅರ್ಧಕ್ಕೆ ಟೇಪು ಹಾಕಿ, ಅರ್ಧಕ್ಕೆ ಹಾಕದೆ ಕೊಯ್ದು ನೋಡಿದೆ. ಆಮೇಲೆ ಟೇಪಿಲ್ಲದೆ ಕೂತಿಲ್ಲ.

ಬ್ಲೇಡಿನ ವಿಷಯದಲ್ಲಿ ಜಿಪುಣತನ ಬೇಡ. ಇಂಥ ಮರದಲ್ಲಿ ನನ್ನ ಬ್ಲೇಡು ಕಾಲು ಗಂಟೆ ಬಾಳಿದರೆ ಅದೇ ಹೆಚ್ಚು. ಮೊಂಡಾಯಿತು ಅಂತ ಮೊದಲು ಹೇಳುವುದು ಕೈ. ನಮಗೇ ಗೊತ್ತಿಲ್ಲದೆ ನೂಕಲು ಶುರು ಮಾಡಿರುತ್ತೇವೆ. ನೂಕಿದರೆ ಬ್ಲೇಡು ಬಿಲ್ಲಿನ ಹಾಗೆ ಬಾಗುತ್ತದೆ, ತಿರುವಿನಲ್ಲಿ ಪಕ್ಕಕ್ಕೂ ವಾಲುತ್ತದೆ. ಮೇಲಿನಿಂದ ನೋಡಿದರೆ ಗೆರೆ ಸರಿಯಾಗೇ ಇರುತ್ತದೆ, ತಿರುಗಿಸಿ ನೋಡಿದರೆ ಕೆಳಗೆ ಬೇರೆ ದಾರಿ. ಹಕ್ಕಿಯನ್ನು ಚೌಕಟ್ಟಿನಿಂದ ತೆಗೆಯಲು ಹೋದರೆ ಒಂದು ಕಡೆಯಿಂದ ಬರುತ್ತದೆ, ಇನ್ನೊಂದು ಕಡೆಯಿಂದ ಬರುವುದಿಲ್ಲ.

ಬ್ಲೇಡು ಮೇಜಿಗೆ ನೇರ ನಿಂತಿದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಬೇಡದ ದಪ್ಪ ತುಂಡಿನಲ್ಲಿ ಸ್ವಲ್ಪವೇ ಸ್ವಲ್ಪ ಕೊಯ್ಯಿರಿ. ಯಂತ್ರ ನಿಲ್ಲಿಸಿ. ಆ ತುಂಡನ್ನು ಬ್ಲೇಡಿನ ಹಿಂದಕ್ಕೆ ಒಯ್ದು, ಅದೇ ಸೀಳನ್ನು ಬ್ಲೇಡಿನ ಬೆನ್ನಿಗೆ ಕೂರಿಸಿ. ಸಲೀಸಾಗಿ ಕೂತರೆ ನೇರ ಇದೆ. ಮೇಲೋ ಕೆಳಗೋ ತಗುಲಿದರೆ ಮೇಜು ಓರೆ.

ಚೂಪು ಮೂಲೆ ಬಂದಾಗ ಅಲ್ಲೇ ನಿಂತು ಯೋಚನೆ ಮಾಡಬೇಡಿ. ಓಡುವ ಬ್ಲೇಡು ನಿಂತಲ್ಲೇ ಉಜ್ಜಿ ಸುಡುತ್ತದೆ. ತಿರುಗುವಾಗ ಮರವನ್ನು ಒಂದಿಷ್ಟು ನಿಮ್ಮ ಕಡೆಗೆ ಎಳೆದುಕೊಳ್ಳಿ, ಭಾರ ಬ್ಲೇಡಿನ ಬೆನ್ನಿಗೆ ಬೀಳಲಿ. ಬೆನ್ನಿಗೆ ಹಲ್ಲಿಲ್ಲ.

ಧೂಳಿನ ಮಾತು. ಕೊಕೊಬೊಲೊ ಬಲು ಚಂದದ ಮರ, ಎಣ್ಣೆ ಜಾಸ್ತಿ. ಅದರ ಪುಡಿ ಎಷ್ಟೋ ಜನರಿಗೆ ಅಲರ್ಜಿ ತರುತ್ತದೆ. ಮುಖಗವಸು ಇಲ್ಲದೆ ಒಂದು ಮಧ್ಯಾಹ್ನ ಸುಮ್ನೆ ಕೊಯ್ದು ಕೂತಿದ್ದೆ. ರಾತ್ರಿ ಮುಂಗೈ ತುಂಬಾ ಕೆಂಪು ಗುಳ್ಳೆ, ಕಣ್ಣು ಊದಿಕೊಂಡಿತ್ತು. ಈ ಮರ ನಮ್ಮ ಬೀಟೆಯ ಕುಲದ್ದೇ. ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ಸೈಟೀಸ್ ಹತೋಟಿಯಲ್ಲಿದೆ. ಸೈಟೀಸ್ ಅಂದರೆ ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವ್ಯಾಪಾರದ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದ. ಹಾಗಾಗಿ ಉಳಿದ ಚೂರನ್ನೂ ನಾನು ಎಸೆಯುವುದಿಲ್ಲ.

ಪರ್ಪಲ್‌ಹಾರ್ಟ್ ಕೊಯ್ದ ಕೂಡಲೇ ಮಂಕು ಕಂದು ಬಣ್ಣದಲ್ಲಿ ಕಾಣುತ್ತದೆ. ಮೋಸ ಹೋದೆ ಅಂದುಕೊಳ್ಳಬೇಡಿ, ಗಾಳಿ ಬೆಳಕಿಗೆ ಇಡಿ. ಕೆಲವು ದಿನಕ್ಕೆ ನೇರಳೆ ಏರುತ್ತದೆ. ತುಂಬಾ ಕಾಲ ಬಿಸಿಲಲ್ಲೇ ಬಿಟ್ಟರೆ ಮತ್ತೆ ಕಂದಾಗುತ್ತದೆ. ನನ್ನ ಅರ್ಧ ಕೊಯ್ದ ನವಿಲು ಕಪಾಟಿನ ಒಳಗಿದೆ. ಮೈಯೆಲ್ಲ ನೇರಳೆ, ಕೊರಳ ಹತ್ತಿರ ಮಾತ್ರ ಕಪ್ಪು.

ನಮಸ್ಕಾರ.